ಪದಕವೋ, ಪ್ರಯೋಗಶಾಲೆಯೋ?

ವಿಜ್ಞಾನಿಯೊಬ್ಬನಿಗೆ ಪ್ರಶಸ್ತಿ ಬಂದಾಗ ನಾವೆಲ್ಲರೂ ಸಂತೋಷಪಡುತ್ತೇವೆ. ಪಡಬೇಕಾದದ್ದೇ. ಆದರೆ ಸಮಾಜವು ಆತನಿಗೆ ಕೊಟ್ಟದ್ದು ಕೆಲಸದ ಬೆಲೆಯೇ, ಕೃತಜ್ಞತೆಯೇ, ಅಥವಾ ಸಕಾಲದಲ್ಲಿ ತೀರಿಸದ ಸಾಲದ ಬಡ್ಡಿಯೇ ಎಂದು ಕೇಳುವವರು ಕಡಮೆ. ಈ ಪ್ರಶ್ನೆಯನ್ನು ವಿಚಾರಮಾಡಲು ವಿಜ್ಞಾನದ ಒಂದು ಚಿಕ್ಕ ಶಾಖೆಯ ಚರಿತ್ರೆ ನಮಗೆ ನೆರವಾದೀತು.

ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಮೇಲೆ ವಿದ್ಯುತ್ತು ತೋರುತ್ತದೆ. 1880ರಲ್ಲಿ ಪ್ಯಾರಿಸ್ಸಿನಲ್ಲಿ ಇದನ್ನು ಕಂಡುಹಿಡಿದವರು ಜಾಕ್ ಮತ್ತು ಪಿಯೆರ್ ಕ್ಯೂರಿ ಎಂಬ ಅಣ್ಣತಮ್ಮಂದಿರು. ಪಿಯೆರನಿಗೆ ಆಗ 21 ವರ್ಷ. ಈ ಗುಣಕ್ಕೆ ಪೀಜೋವಿದ್ಯುತ್ತು ಎಂದು ಹೆಸರಾಯಿತು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯು ಪ್ಲಾಂಟೆ ಬಹುಮಾನವನ್ನಿತ್ತು ಸೋದರರನ್ನು ಗೌರವಿಸಿದ್ದು 1895ರಲ್ಲಿ. ಎಂದರೆ 15 ವರ್ಷಗಳ ಮೇಲೆ. ಅಷ್ಟರಲ್ಲಿ ಅಣ್ಣ ಮೋಂಪೆಲಿಯೇ ನಗರಕ್ಕೆ ಹೋಗಿ, ಅವರ ಜೊತೆಗೆಲಸ ಎಂದೋ ನಿಂತುಹೋಗಿತ್ತು. ಮುಂದೆ ಪಿಯೆರ್ ಮತ್ತು ಮೇರಿ ಕ್ಯೂರಿ ದಂಪತಿಗಳು ರೇಡಿಯಮ್ಮಿನ ಕಿರಣಗಳ ಬಲವನ್ನು ಅಳೆದದ್ದು ಇದೇ ತತ್ತ್ವದ ಮೇಲೆ ರಚಿಸಿದ ಸ್ಫಟಿಕೋಪಕರಣದಿಂದ.

1903ರಲ್ಲಿ ಫ್ರೆಂಚ್ ಸರ್ಕಾರದ 'ಲೀಜನ್ ಆಫ್ ಆನರ್' ಪದವಿಯನ್ನು ಕೊಡಿಸುವ ಮಾತು ಬಂದಾಗ ಪಿಯೆರ್ ಅದನ್ನು ಬೇಡವೆಂದ. ತನಗೆ ಬಿರುದಿನ ಅಗತ್ಯವಿಲ್ಲ, ಪ್ರಯೋಗಶಾಲೆಯ ಅಗತ್ಯ ಮಾತ್ರ ಬಹಳವಾಗಿದೆ ಎಂಬುದು ಆತನ ಉತ್ತರದ ತಾತ್ಪರ್ಯ. ಅದೇ ವರ್ಷ ನೊಬೆಲ್ ಬಹುಮಾನ ಬಂದಿತು. ಅದು ಹರಳಿಗಲ್ಲ, ವಿಕಿರಣದ ಸಂಶೋಧನೆಗೆ. ಒಳ್ಳೆಯ ಪ್ರಯೋಗಶಾಲೆ ಮಾತ್ರ ಬರಲಿಲ್ಲ. 1906ರ ಏಪ್ರಿಲಿನಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಕುದುರೆಗಾಡಿಗೆ ಸಿಕ್ಕಿ ಆತ ತೀರಿಕೊಂಡ. ಆಗ ಆತನಿಗೆ 46 ವರ್ಷ.

ಇದಕ್ಕೆ ಎದುರಾಗಿ ಇನ್ನೊಬ್ಬನ ಜೀವನವನ್ನು ನೋಡೋಣ. 1920ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಾಲಾಸೆಕ್ ಎಂಬ ತರುಣ ಸಂಶೋಧಕ ರೋಶೆಲ್ ಲವಣದ ಹರಳುಗಳನ್ನು ಪರೀಕ್ಷಿಸುತ್ತಿದ್ದ. ಬಹುಕಾಲ ಭೇದಿಯ ಮದ್ದಾಗಿ ಬಳಕೆಯಲ್ಲಿದ್ದ ಲವಣವದು. ಅದರ ಹರಳು, ಹೊರಗಿನ ವಿದ್ಯುತ್ ಬಲವನ್ನು ತೆಗೆದ ಮೇಲೂ, ಆ ಬಲವು ತಿರುಗಿಸಿದ ದಿಕ್ಕನ್ನು ಉಳಿಸಿಕೊಳ್ಳುತ್ತದೆಂಬುದನ್ನು ಆತ ಕಂಡ. ಕಬ್ಬಿಣವು ಕಾಂತಗುಣವನ್ನು ಉಳಿಸಿಕೊಳ್ಳುವ ಹಾಗೆಯೇ ಇದು. ಇಂದು ಇದನ್ನು ಫೆರೋವಿದ್ಯುತ್ತು ಎನ್ನುತ್ತಾರೆ. ನೀರಿನಲ್ಲಿ ಕರಗುವ, 24 ಡಿಗ್ರಿ ಸೆಂಟಿಗ್ರೇಡ್ ದಾಟಿದರೆ ಈ ಗುಣವನ್ನೇ ಕಳೆದುಕೊಳ್ಳುವ ಲವಣದಿಂದ ಯಾರಿಗೇನು ಲಾಭ? ವಾಲಾಸೆಕ್ ತನ್ನ ಲೇಖನಗಳನ್ನು ಪ್ರಕಟಿಸಿ ಬೇರೆ ವಿಷಯಗಳ ಕಡೆಗೆ ತಿರುಗಿದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕ, ರಷ್ಯ, ಜಪಾನು ಈ ಮೂರು ದೇಶಗಳವರು, ಒಬ್ಬರದೊಬ್ಬರಿಗೆ ತಿಳಿಯದೆ, ಬೇರಿಯಂ ಟೈಟನೇಟ್ ಎಂಬ ಗಟ್ಟಿ ಪದಾರ್ಥದಲ್ಲಿ ಇದೇ ಜಾತಿಯ ಗುಣಗಳನ್ನು ಕಂಡರು. ಅಲ್ಲಿಂದ ಈ ವಿದ್ಯೆ ಬೆಳೆಯಿತು. ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ರಾಬರ್ಟ್ ನ್ಯೂನಂ ಮತ್ತು ಸಂಗಡಿಗರು ಇಂಥ ಪಿಂಗಾಣಿಯನ್ನೂ ಪ್ಲಾಸ್ಟಿಕ್ಕನ್ನೂ ಹೊಂದಿಸಿ ಮಾಡಿದ ಮಿಶ್ರವಸ್ತುಗಳು, ಶ್ರವಣಾತೀತ ಧ್ವನಿಯಿಂದ ದೇಹದ ಒಳಗನ್ನು ನೋಡುವ ವೈದ್ಯರ ಉಪಕರಣಗಳಿಗೆ ಒದಗಿದವು. 2009ರಲ್ಲಿ ತೀರಿಕೊಂಡ ನ್ಯೂನಂನ ಹೆಸರಿನಲ್ಲಿ, ಎಂಜಿನಿಯರುಗಳ ಸಂಸ್ಥೆಯಾದ ಐಇಇಇ, ಫೆರೋವಿದ್ಯುತ್ತಿನ ಸಂಶೋಧಕರಿಗೆ ಪ್ರಶಸ್ತಿಯನ್ನು ಕೊಡುತ್ತದೆ. ಸಲ್ಲತಕ್ಕ ಗೌರವವೇ ಸರಿ. ಆದರೆ ಈ ಶಾಖೆಗೆ ಬೀಜವಾದ ಆ ಹೊತ್ತಿನಲ್ಲಿ ವಾಲಾಸೆಕ್‌ನ ಕೈಯಲ್ಲಿ ಏನಿತ್ತು? ಪದಕವಿರಲಿಲ್ಲ. ಒಂದು ಮೇಜು, ಕೆಲವು ಹರಳುಗಳು, ಬಿಡುವು, ಹೇಳಿಕೊಡುವ ಗುರು—ಇಷ್ಟಿತ್ತು. ಪಿಯೆರ್ ಕ್ಯೂರಿ ಕೇಳಿ ಪಡೆಯದೆ ಹೋದದ್ದು ಸುಮಾರಾಗಿ ಅದೇ.

ಹಾಗಾದರೆ ಪ್ರಶಸ್ತಿಗಳು ವ್ಯರ್ಥವೇ? ಹಾಗೆಂದರೆ ತಪ್ಪಾದೀತು. ಯಾವ ಕೆಲಸವನ್ನು ಮಾನ್ಯಮಾಡಬೇಕೆಂಬುದನ್ನು ಅವು ಜನಕ್ಕೆ ತಿಳಿಸುತ್ತವೆ; ಒಂಟಿಯಾಗಿ ದುಡಿಯುವವನಿಗೆ ಧೈರ್ಯ ಕೊಡುತ್ತವೆ. ಆದರೆ ಪ್ರಶಸ್ತಿಯ ಕಣ್ಣು ಫಲವನ್ನು ನೋಡಬಲ್ಲದು, ಬೀಜವನ್ನು ಕಾಣಲಾರದು. ಫಲ ಬರುವುದೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ದುಡಿಯುವವನಿಗೆ ನಾವು ಏನು ಕೊಡುತ್ತೇವೆ ಎಂಬುದೇ ನಿಜವಾದ ಪರೀಕ್ಷೆ.

"ಸೌಕರ್ಯವಿಲ್ಲದೆಯೂ ಕ್ಯೂರಿ ದೊಡ್ಡ ಕೆಲಸ ಮಾಡಲಿಲ್ಲವೆ?" ಎಂದು ಕೆಲವರು ಕೇಳಿಯಾರು. ಮಾಡಿದ, ನಿಜ. ಬರಗಾಲದಲ್ಲಿ ಉಳಿದ ಒಂದು ಮರವನ್ನು ತೋರಿಸಿ ಬರಗಾಲವನ್ನು ಹೊಗಳುವಂಥ ಮಾತು ಇದು. ಒಣಗಿಹೋದ ಸಸಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕೊಡಬೇಕಾದಾಗ ಕೊಡದವರು, ಆತ ಹೇಗೋ ಗೆದ್ದುಬಂದ ಮೇಲೆ ಹಾರ ಹಿಡಿದು ನಿಲ್ಲುವುದರಲ್ಲಿ ಔದಾರ್ಯಕ್ಕಿಂತ ಸ್ವಂತ ಸಮಾಧಾನವೇ ಹೆಚ್ಚು.

ಆದುದರಿಂದ ಪ್ರಶಸ್ತಿ ಕೊಡುವ ಪ್ರತಿಯೊಂದು ಸಂಸ್ಥೆಯೂ ಸನ್ಮಾನದ ದಿನ ತನ್ನನ್ನು ತಾನು ಒಂದು ಮಾತು ಕೇಳಿಕೊಳ್ಳುವುದು ಮೇಲು: ಈತನಂಥವನೇ ಒಬ್ಬ, ಇನ್ನೂ ಹೆಸರಿಲ್ಲದವನು, ಈಗ ಎಲ್ಲಿ ಯಾವ ಉಪಕರಣಕ್ಕಾಗಿ ಅರ್ಜಿ ಹಿಡಿದು ಕಾದಿದ್ದಾನೆ? ಪದಕ ತಡವಾದರೆ ವಿಜ್ಞಾನಕ್ಕೆ ಆಗುವ ನಷ್ಟ ಅಲ್ಪ. ಆ ಅರ್ಜಿಗೆ ಉತ್ತರ ತಡವಾದರೆ ಆಗುವ ನಷ್ಟ ನಮಗೆ ಗೊತ್ತೇ ಆಗುವುದಿಲ್ಲ.