ಅಳು ನಿಲ್ಲಿಸುವ ಅವಸರ

1849ರಲ್ಲಿ ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್ ಪಟ್ಟಣದಲ್ಲಿ ‘ಮಿಸೆಸ್ ವಿನ್ಸ್ಲೋಸ್ ಸೂದಿಂಗ್ ಸಿರಪ್’ ಮಾರುಕಟ್ಟೆಗೆ ಬಂತು. ಹಲ್ಲು ಮೂಡುವಾಗ ರಚ್ಚೆ ಹಿಡಿಯುವ ಕೂಸಿಗೆ ತುಸು ಕುಡಿಸಿದರೆ ಮನೆಯೆಲ್ಲ ತಣ್ಣಗೆ. ಆಗದೇ ಏನು, ಅದರಲ್ಲಿದ್ದುದು ಮಾರ್ಫಿನ್! ಹೆಸರು ಎಷ್ಟು ಮನೆಮಾತಾಗಿತ್ತೆಂದರೆ, ಇಂಗ್ಲೆಂಡಿನ ಸಂಗೀತಗಾರ ಎಡ್ವರ್ಡ್ ಎಲ್ಗರ್ 1878ರಲ್ಲಿ ತಮ್ಮ ರಚನೆಯೊಂದಕ್ಕೆ ಅದನ್ನೇ ಇಟ್ಟರು. ಆದರೆ ಅದನ್ನು ಕುಡಿದು ಮಲಗಿದ ಕೂಸುಗಳಲ್ಲಿ ಕೆಲವು ಮತ್ತೆ ಏಳಲಿಲ್ಲ. ಬಾಟಲಿಯ ಮೇಲೆ ಮಾರ್ಫಿನ್ ಎಂದು ಅಚ್ಚಾಗಲು ಅಮೆರಿಕದಲ್ಲಿ 1906ರ ಕಾನೂನೇ ಬರಬೇಕಾಯಿತು. 1911ರಲ್ಲಿ ಅಲ್ಲಿನ ವೈದ್ಯಕೀಯ ಸಂಘ ಅದನ್ನು ಶಿಶುಹಂತಕರ ಪಟ್ಟಿಗೆ ಸೇರಿಸಿತು.

ಆ ತಾಯಂದಿರೇನೂ ಕಟುಕರಲ್ಲ. ಅಳು ಕೇಳಿದೊಡನೆ ಅದನ್ನು ಅಡಗಿಸಬೇಕೆಂಬ ಅವಸರ ಅವರದು. ಆ ಚಾಳಿ ಇನ್ನೂ ಹೋಗಿಲ್ಲ. ಬಾಟಲಿ ಹೋಗಿ ಮರಗಟ್ಟಿಸುವ ಜೆಲ್ಲಿನ ಟ್ಯೂಬ್ ಬಂದಿದೆ, ಅಷ್ಟೇ.

ಇಂಥ ಜೆಲ್ಲುಗಳಲ್ಲಿರುವ, ವಸಡು ಮರಗಟ್ಟಿಸುವ ಬೆಂಜೊಕೇನ್ ಕೆಲವು ಮಕ್ಕಳಲ್ಲಿ ರಕ್ತದ ಹಿಮೋಗ್ಲೋಬಿನ್ನನ್ನೇ ಕೆಡಿಸಿ, ಆಮ್ಲಜನಕ ಹೊರಲಾಗದಂತೆ ಮಾಡುತ್ತದೆ. ಅದನ್ನು ಸರಿಪಡಿಸುವ ಕಿಣ್ವ ಎಳೆಗೂಸುಗಳಲ್ಲಿ ಕಡಿಮೆ. ತುಟಿ, ಉಗುರು ನೀಲಿಗಟ್ಟುತ್ತವೆ. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಎರಡು ವರ್ಷದೊಳಗಿನವರ ಹಲ್ಲುನೋವಿಗೆಂದು ಇದನ್ನು ಮಾರಬೇಡಿ ಎಂದು ಕಂಪನಿಗಳಿಗೆ ಹೇಳಿತು. ಮರಗಟ್ಟಿಸುವ ಇನ್ನೊಂದು ಮದ್ದಾದ ಲಿಡೊಕೇನ್ ದ್ರಾವಣದ ಬಗ್ಗೆ 2014ರಲ್ಲೇ ಕಟ್ಟೆಚ್ಚರಿಕೆ ಕೊಟ್ಟಿತ್ತು. ಅದು ಪರಿಶೀಲಿಸಿದ 22 ಪ್ರಕರಣಗಳಲ್ಲಿ ಸಾವುಗಳೂ ಇದ್ದವು. ನಮ್ಮ ಔಷಧದಂಗಡಿಯ ಡಬ್ಬಿಗಳ ಮೇಲೆ ಈ ಲಿಡೊಕೇನೇ ಲಿಗ್ನೊಕೇನ್ ಎಂಬ ಹೆಸರಲ್ಲಿ ಕೂತಿರುತ್ತದೆ.

ಇಷ್ಟಕ್ಕೂ ಉಪಯೋಗವಾದರೂ ಏನು? ಹಚ್ಚಿದ ಜೆಲ್ಲನ್ನು ಜೊಲ್ಲು ನಿಮಿಷಗಳಲ್ಲಿ ತೊಳೆದುಬಿಡುತ್ತದೆ. ಮತ್ತೆ ಅಳು, ಮತ್ತೆ ಜೆಲ್. ತೊಳೆದುಹೋದದ್ದು ಹೊಟ್ಟೆಗೇ ಇಳಿಯುತ್ತದೆ, ದಾರಿಯಲ್ಲಿ ಗಂಟಲೂ ಮರಗಟ್ಟಿ ನುಂಗುವುದು ಕಷ್ಟ. ‘ನೈಸರ್ಗಿಕ’ ಅಂದರೆ ಸುರಕ್ಷಿತ ಎನ್ನುವವರು ಇದನ್ನೂ ಕೇಳಿ: 2017ರಲ್ಲಿ ಕೆಲವು ಹೋಮಿಯೋಪಥಿ ಹಲ್ಲುಮಾತ್ರೆಗಳಲ್ಲಿ ಬೆಲ್ಲಡೋನಾ ವಿಷದಂಶ ಲೇಬಲ್ಲಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತ್ತು.

ಚರ್ಮಕ್ಕೆ ಹಚ್ಚುವ ಕ್ರೀಮಿನದೂ ಇದೇ ಕಥೆ. ಸೂಜಿ ಚುಚ್ಚುವ ಮುನ್ನ ವೈದ್ಯರು ಲಿಡೊಕೇನ್-ಪ್ರಿಲೊಕೇನ್ ಕ್ರೀಮನ್ನು ಅಳೆದು, ಹೊತ್ತು ನೋಡಿ ಹಚ್ಚಿಸುತ್ತಾರೆ. ಅದನ್ನೇ ಮನೆಯಲ್ಲಿ ಕೆಂಪಾದ ತೊಡೆಸಂದಿಗೆ ಬಳಿದು ಡೈಪರ್ ಬಿಗಿದರೆ ಮದ್ದು ನೇರ ಒಳಗಿಳಿಯುತ್ತದೆ. ಅಲ್ಲಿಗೆ ಜಿಂಕ್ ಆಕ್ಸೈಡ್ ಮುಲಾಮು, ಒಂದಿಷ್ಟು ಗಾಳಿ ಸಾಕು.

ವಸಡಿಗೆ? ತೊಳೆದ ಬೆರಳಿನಿಂದ ಮೆಲ್ಲಗೆ ಒತ್ತುವುದು, ತಣ್ಣಗಿನ ಒದ್ದೆಬಟ್ಟೆ (ಫ್ರೀಜರಿನದಲ್ಲ) ಕಚ್ಚಲು ಕೊಡುವುದು, ಎತ್ತಿಕೊಂಡು ನಾಲ್ಕು ಹೆಜ್ಜೆ ಓಡಾಡುವುದು. ಬೇಸರದ ಕೆಲಸ, ನಿಜ. ಆದರೂ ಮಾಡಿ. ಜೋರು ಜ್ವರ, ಭೇದಿ ಕಂಡರೆ ‘ಹಲ್ಲು ಬರ್ತಿದೆ ಬಿಡಿ’ ಎನ್ನುವ ಹಿರಿಯರ ಮಾತಿಗೆ ತಲೆಯಾಡಿಸಿ ಕೂರಬೇಡಿ. ಹಲ್ಲಿನಿಂದ ಅವು ಬರುವುದಿಲ್ಲ, ವೈದ್ಯರಿಗೆ ತೋರಿಸಿ. ಜೆಲ್ ಹಚ್ಚಿದ ಮೇಲೆ ಮಗು ಬಿಳಿಚಿಕೊಂಡರೆ, ನೀಲಿಗಟ್ಟಿದರೆ ಇಲ್ಲವೇ ಏದುಸಿರು ಬಿಡುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ, ಕೈಯಲ್ಲಿ ಆ ಟ್ಯೂಬ್ ಇರಲಿ. ಕಾರಣ ಗೊತ್ತಾದರೆ ಮಿಥಿಲೀನ್ ಬ್ಲೂ ಎಂಬ ಪ್ರತಿಮದ್ದು ಕೊಡಲು ವೈದ್ಯರಿಗೆ ತಡವಾಗದು.