ಮೇಲೆ ಅಂದರೆ ಉತ್ತರವೇ?

ಉತ್ತರ ಕನ್ನಡದ ಘಟ್ಟದ ಊರು ಅರಬೈಲಿನ ಮಗುವಿಗೆ ಮೇಲೆ ಅಂದರೆ ಯಲ್ಲಾಪುರ. ಕೆಳಗೆ ಅಂದರೆ ಗುಳ್ಳಾಪುರ, ರಾಮನಗುಳಿ, ಅಂಕೋಲೆ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂಬ ವಿಂಗಡಣೆಯನ್ನು ಅದು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಕಲಿತಿರುತ್ತದೆ. ಏರು ಹತ್ತುವಾಗ ಬಸ್ಸು ಗೇರು ಬದಲಿಸುವ ಸದ್ದು, ಕೆಳಗಿನಿಂದ ಬರುವ ಮೀನು, ಮೇಲಿನ ಸಂತೆ ಎಲ್ಲವೂ ಅದನ್ನೇ ಹೇಳಿಕೊಟ್ಟಿವೆ. ಅದರ ಲೆಕ್ಕದಲ್ಲಿ ಮೇಲೆ ಎನ್ನುವುದು ಸುಮಾರಾಗಿ ಮೂಡಣ, ಕೆಳಗೆ ಎನ್ನುವುದು ಪಡುವಣ. ಶಾಲೆಗೆ ಬಂದರೆ ಗೋಡೆಯ ಮೇಲೆ ನಕಾಶೆ. ಮೇಲಿನ ದಿಕ್ಕು ಯಾವುದು ಎಂದು ಅಕ್ಕೋರು ಕೇಳುತ್ತಾರೆ. ಉತ್ತರ ಎಂದವನಿಗೆ ಶಹಬ್ಬಾಸ್. ಅಲ್ಲಿಂದಾಚೆ ಆ ಮಗುವಿಗೆ ಎರಡು ಭೂಮಿ: ಕಾಲಡಿಯದು ಒಂದು, ಗೋಡೆಯದು ಇನ್ನೊಂದು. ಪರೀಕ್ಷೆಗೆ ಬರುವುದು ಎರಡನೆಯದು.

ಇದನ್ನು ತಪ್ಪಿಸಲೆಂದೇ ಶಿಕ್ಷಣ ಬಲ್ಲವರು ಒಂದು ಸೂತ್ರ ಹೇಳುತ್ತ ಬಂದಿದ್ದಾರೆ: ಹತ್ತಿರದಿಂದ ದೂರಕ್ಕೆ ಹೋಗಿ. ರೂಸೋ 1762ರಲ್ಲಿ ಪ್ರಕಟಿಸಿದ 'ಎಮಿಲ್'ನಲ್ಲಿ ಮಗುವಿನ ಮೊದಲ ಭೂಗೋಳ ಅದು ವಾಸಿಸುವ ಪಟ್ಟಣ ಮತ್ತು ತಂದೆಯ ಹಳ್ಳಿಮನೆ. ಆಮೇಲೆ ಅವೆರಡರ ನಡುವಿನ ಊರುಗಳು, ಹತ್ತಿರದ ಹೊಳೆಗಳು. ಚೆಂದದ ಮಾತು. ಆದರೆ ಪಠ್ಯಕ್ರಮದ ಕೈಗೆ ಸಿಕ್ಕಾಗ ಈ ಸೂತ್ರ ಒಂದರೊಳಗೊಂದು ಕೂತ ವೃತ್ತಗಳಾಯಿತು: ಮನೆ, ಊರು, ತಾಲೂಕು, ಜಿಲ್ಲೆ, ರಾಜ್ಯ, ದೇಶ. ರೂಸೋ ಹೇಳಿದ್ದು ಎರಡು ಊರುಗಳ ನಡುವಿನ ದಾರಿಯನ್ನು. ನಾವು ಕಲಿಸುತ್ತಿರುವುದು ಕಂದಾಯ ಇಲಾಖೆಯ ಏಣಿಯನ್ನು.

ಈ ಏಣಿ ಮಗುವಿನ ಬುದ್ಧಿಗೆ ಒಗ್ಗುವುದೂ ಇಲ್ಲ. ಮನಶ್ಶಾಸ್ತ್ರಜ್ಞ ಪಿಯಾಜೆ ಮತ್ತು ಅವರ ಸಹೋದ್ಯೋಗಿ ವೇಲ್ 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಿನೀವಾದ ಚಿಕ್ಕ ಮಕ್ಕಳು ಜಿನೀವಾ ಇರುವುದು ಸ್ವಿಟ್ಜರ್ಲೆಂಡಿನಲ್ಲಿ ಎಂದು ಬಾಯಲ್ಲಿ ಹೇಳಿದರು. ಚಿತ್ರ ಬರೆಯಿರಿ ಎಂದಾಗ ಎರಡು ವೃತ್ತಗಳನ್ನು ಅಕ್ಕಪಕ್ಕ ಬರೆದರು. ಒಂದರೊಳಗೆ ಇನ್ನೊಂದಿದೆ ಎಂಬುದು ಬಾಯಿಗೆ ಬಂದಿತ್ತು, ತಲೆಗೆ ಹತ್ತಿರಲಿಲ್ಲ. ತಾಲೂಕು ಎಂದರೇನೆಂದು ಏಳು ವರ್ಷದ ಮಗುವನ್ನು ಕೇಳಿ ನೋಡಿ. ಅಪ್ಪ ಕಾಗದಪತ್ರಕ್ಕೆ ಹೋಗುವ ಕಚೇರಿ ಎಂದರೆ ಅದು ಸರಿಯಾದ ಉತ್ತರವೇ.

ಅದೂ ಅಲ್ಲದೆ ಈ ವೃತ್ತಗಳು ನಿಂತಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ತತ್ವಾರವಾದ ಕಾಲದಲ್ಲಿ, ಧಾರವಾಡದ ಹತ್ತಿಗೆ ಕಾರವಾರದ ಬಂದರು ಬೇಕೆಂದು ಮುಂಬೈಯ ವರ್ತಕರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬೈಗೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಅಜ್ಜ ಮುಂಬೈ ಪ್ರಾಂತದ ನಕಾಶೆ ಉರು ಹೊಡೆದ, ಮೊಮ್ಮಗಳು ಕರ್ನಾಟಕದ್ದನ್ನು. ಇಬ್ಬರ ಕಾಲದಲ್ಲೂ ಅರಬೈಲಿನ ಹಳ್ಳದ ನೀರು ಗಂಗಾವಳಿಗೇ ಇಳಿಯಿತು.

ಹಾಗಾಗಿ ನನ್ನ ವಾದ ಇಷ್ಟು: ಚಿಕ್ಕ ಮಕ್ಕಳ ಭೂಗೋಳ ವೃತ್ತ ಬಿಟ್ಟು ದಾರಿ ಹಿಡಿಯಬೇಕು. ಹೊಳೆಯ ದಾರಿ, ರಸ್ತೆಯ ದಾರಿ, ಜನ ಬಂದ ದಾರಿ.

ಹೊಳೆಯನ್ನೇ ನೋಡೋಣ. ಶಾಲೆಯ ಹೆಂಚಿನಿಂದ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಿಂತ ಒಳ್ಳೆಯ ಮೊದಲ ಪಾಠ ನನಗೆ ಗೊತ್ತಿಲ್ಲ. ಅಂಗಳದ ಕಾಲುವೆ, ಹಳ್ಳ, ಗಂಗಾವಳಿ, ಕಡಲು. ಹಿಮ್ಮುಖವಾಗಿ ಹತ್ತಿದರೆ ಮಾಗೋಡಿನ ಜಲಪಾತ, ಅದರಾಚೆ ಬೇಡ್ತಿ ಎಂಬ ಹೆಸರು, ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ. ಕೆಳಗಿನ ಹೊಳೆಯ ನೀರಿನಲ್ಲಿ ಬಯಲುಸೀಮೆಯ ಮಳೆಯೂ ಇದೆ ಎಂದು ತಿಳಿದ ಮಗುವಿಗೆ ಧಾರವಾಡ ದೂರದ ಊರಾಗಿ ಉಳಿಯುವುದಿಲ್ಲ. ಪಕ್ಕದ ಶಿರಸಿ ತಾಲೂಕಿನಲ್ಲಿ ಇದಕ್ಕಿಂತ ಸೋಜಿಗದ ಸಂಗತಿಯಿದೆ. ಅಲ್ಲಿನ ಅಘನಾಶಿನಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬನವಾಸಿಯ ವರದೆ ತುಂಗಭದ್ರೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ. ಒಂದೇ ತಾಲೂಕಿನ ಮಳೆ ಎರಡು ಕಡಲಿನ ಪಾಲು. ತಾಲೂಕಿಗೊಂದು ಗೆರೆ ಎಳೆದು ಬಣ್ಣ ತುಂಬಿಸುವ ಪಾಠದಲ್ಲಿ ಈ ಸೋಜಿಗಕ್ಕೆ ಜಾಗವೇ ಇಲ್ಲ.

ರಸ್ತೆಯೂ ಹಾಗೆಯೇ. ಘಟ್ಟದಲ್ಲಿ ಇಳಿಯುವ ಈಗಿನ ರಾಷ್ಟ್ರೀಯ ಹೆದ್ದಾರಿ 52 ಪಂಜಾಬಿನ ಸಂಗ್ರೂರಿನಲ್ಲಿ ಹೊರಟು ಜೈಪುರ, ಇಂದೋರ್, ಸೊಲ್ಲಾಪುರ, ಹುಬ್ಬಳ್ಳಿ ದಾಟಿ ಅಂಕೋಲೆಯಲ್ಲಿ ಮುಗಿಯುತ್ತದೆ. ಬೇಲೆಕೇರಿ ಬಂದರಿಗೆ ಅದಿರು ಸಾಗುತ್ತಿದ್ದ ದಿನಗಳಲ್ಲಿ ಬಳ್ಳಾರಿ ಜಿಲ್ಲೆಯ ಕೆಂಪು ಮಣ್ಣು ಲಾರಿ ಹತ್ತಿ ಇದೇ ತಿರುವುಗಳಲ್ಲಿ ಇಳಿದಿದೆ. ಲಾರಿಯ ನಂಬರ್ ಪ್ಲೇಟಿನ ಮೊದಲೆರಡು ಅಕ್ಷರ ನೋಡಿ ರಾಜ್ಯ ಹೇಳುವ ಆಟ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ; ಅದಕ್ಕೊಂದು ನಕಾಶೆ ಜೋಡಿಸಿಕೊಟ್ಟರೆ ಸಾಕು.

ಜನ ಬಂದ ದಾರಿಯ ಮಾತಿಗೆ ಎಚ್ಚರ ಬೇಕು. ಯಲ್ಲಾಪುರ ಸೀಮೆಯ ಸಿದ್ದಿಯರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು ಅವರಲ್ಲಿದ್ದರು. ಆಫ್ರಿಕ ಖಂಡದ ಪಾಠ ಇಲ್ಲಿ ಕಡಲಾಚೆಯ ಪಾಠವಲ್ಲ. ಹಾಗೆಂದು ಸಿದ್ದಿ ಮಗುವನ್ನು ಎಬ್ಬಿಸಿ ನಿಲ್ಲಿಸಿ 'ನೋಡಿ, ಇವನ ಊರು' ಎಂದು ಭೂಪಟ ತೋರಿಸುವ ಮಾಸ್ತರಿಗಿಂತ ಪಾಠವೇ ಮಾಡದವನು ವಾಸಿ. ಅವನ ಊರು ಇದೇ. ದಾರಿ ಎಲ್ಲರದ್ದೂ ಇದೆ, ಎಲ್ಲರದ್ದನ್ನೂ ಕೇಳಬೇಕು.

ಹತ್ತಿರ, ದೂರ ಎನ್ನುವುದು ಮೈಲುಗಲ್ಲಿನ ಲೆಕ್ಕವಲ್ಲ ಎಂಬುದಕ್ಕೆ 2021ರ ಜುಲೈ ಸಾಕ್ಷಿ. ಆ ಮಳೆಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯ ಗುಡ್ಡ ಕುಸಿಯಿತು, ಅರಬೈಲ್ ಘಟ್ಟದ ರಸ್ತೆ ಕುಸಿದು ಸಂಚಾರ ನಿಂತಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು. ಹೊಳೆಯಾಚೆಯ ಊರುಗಳು ರಾತ್ರಿ ಬೆಳಗಾಗುವುದರಲ್ಲಿ ದೂರವಾದವು. ನಕಾಶೆಯಲ್ಲಿ ಅವು ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಇದನ್ನೆಲ್ಲ ಯಾರು ಕಲಿಸಬೇಕು ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ನಾಲ್ಕು ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆಯುವ ಅಕ್ಕೋರಿಗೆ ಹಳ್ಳದವರೆಗೆ ನಡೆಸಿಕೊಂಡು ಹೋಗಿ ಎನ್ನುವುದು ಸುಲಭದ ಉಪದೇಶ. ಬೆಂಗಳೂರಿನಲ್ಲಿ ಅಚ್ಚಾಗುವ ಒಂದೇ ಪುಸ್ತಕ ಬೀದರಿಗೂ ಅರಬೈಲಿಗೂ ಹೊಂದಬೇಕಾದ್ದರಿಂದ ಅದರಲ್ಲಿ ಈ ಹಳ್ಳ ಬರುವುದೂ ಇಲ್ಲ. ನಕಾಶೆಯೇ ಬೇಡ ಎನ್ನುವವರ ಪಂಗಡಕ್ಕೂ ನಾನು ಸೇರಿದವನಲ್ಲ. ಹಳ್ಳಿಯ ಮಗುವಿಗೆ ಹಳ್ಳಿಯಷ್ಟೇ ಸಾಕು ಎನ್ನುವುದು ಪೇಟೆಯವರ ಸೋಗು. ನಕಾಶೆ ಓದಲು ಬಾರದವನ ಜಮೀನನ್ನು ನಕಾಶೆ ಓದಬಲ್ಲವನು ಅಳೆಯುತ್ತಾನೆ.

ಖರ್ಚಿಲ್ಲದೆ ನಾಳೆಯೇ ಆಗುವ ಕೆಲಸ ಒಂದಿದೆ. ಗೋಡೆಯ ನಕಾಶೆಯನ್ನು ಇಳಿಸಿ ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ. ಮಕ್ಕಳು ಸುತ್ತ ಕೂರಲಿ. ಅಂಕೋಲೆ ಯಾವ ಕಡೆ ಎಂದು ಕೇಳಿ. ಕೈ ಘಟ್ಟ ಇಳಿಯುವ ಕಡೆಗೇ ಹೋಗುತ್ತದೆ, ನಕಾಶೆಯೂ ಅದನ್ನೇ ಹೇಳುತ್ತದೆ. ಜಿಲ್ಲೆಯ ತಾಲೂಕುಗಳ ಪಟ್ಟಿ ಆರನೆಯ ತರಗತಿಯವರೆಗೆ ಕಾಯಲಿ.