ಆ ರಿಪೋರ್ಟ್ ಯಾರದು?



ಕಳೆದ ತಪಸ್ಸುಕಾಲದಲ್ಲಿ ನೆಂಟರ ಮನೆಯಲ್ಲಿ ದೊಡ್ಡಪ್ಪ ಒಂದು ಸ್ಕ್ಯಾನ್ ರಿಪೋರ್ಟನ್ನು ನನ್ನ ಕೈಗೆ ಕೊಟ್ಟು, "ನೀನು ಬಿಎಸ್ಸಿ ಓದಿದವನು, ಏನು ಬರೆದಿದೆ ಹೇಳಪ್ಪ" ಎಂದರು. ಹಿಂದೆ ನಿಂತಿದ್ದ ದೊಡ್ಡಮ್ಮ ಬೇಡ ಬೇಡವೆಂದು ಕೈಯಾಡಿಸಿದರು. "ತಲೆಯಲ್ಲಿ ಸ್ವಲ್ಪ ಊತವಂತೆ, ಕರೆಂಟ್ ಇಟ್ಟರೆ ಇಳಿಯುತ್ತದೆ" ಎಂದುಬಿಟ್ಟೆ. ಅದು ಸುಳ್ಳು. ಅವರ ಅಂಗಾಲಿನ ಕಪ್ಪು ಮಚ್ಚೆ ಮೆಲನೋಮ ಎಂಬ ಕ್ಯಾನ್ಸರ್ ಆಗಿತ್ತು, ಮೆದುಳಿಗೂ ಹರಡಿತ್ತು.

ಇದು ಬಿಸಿಲಿನಿಂದ ಬಿಳಿಯರಿಗೆ ಬರುವ ಕಾಯಿಲೆ ಎಂದು ನಾನು ತಿಳಿದಿದ್ದೆ. ನಮ್ಮ ದೇಶದಲ್ಲಿ ಅಪರೂಪವೇ. ಆದರೆ ಬಂದಾಗ ಬಹಳ ಸಲ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ ಬರುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರು ಮುಳ್ಳು ಚುಚ್ಚಿದ ಕಲೆ ಎಂದು ಸುಮ್ಮನಿರುತ್ತಾರೆ. (ದಯವಿಟ್ಟು ನಿಮ್ಮ ಮನೆಯ ಹಿರಿಯರ ಪಾದ ಒಮ್ಮೆ ನೋಡಿ.)

ಹಿಂದೆ ಮೆದುಳಿಗೆ ಹರಡಿದರೆ ಇಡೀ ತಲೆಗೆ ವಿಕಿರಣ ಕೊಡುತ್ತಿದ್ದರು, ಸಾಮಾನ್ಯವಾಗಿ 10 ಸಲ. ಈ ಕ್ಯಾನ್ಸರ್ ಅಷ್ಟಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆರು ತಿಂಗಳೂ ಕಾಣುತ್ತಿರಲಿಲ್ಲ, ನೆನಪಿನ ಶಕ್ತಿಯೂ ಕುಂದುತ್ತಿತ್ತು. ಈಗ ಗಂಟುಗಳು ಕೆಲವೇ ಇದ್ದರೆ ಅವುಗಳಿಗೆ ಮಾತ್ರ ಗುರಿಯಿಟ್ಟು ಒಂದೆರಡು ಸಲದಲ್ಲೇ ಹೆಚ್ಚಿನ ವಿಕಿರಣ ಕೊಡುತ್ತಾರೆ. ಅದರ ಮೇಲೆ ಇಡೀ ತಲೆಗೂ ಕೊಟ್ಟರೆ ಲಾಭವಿಲ್ಲವೆಂದು 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ತೋರಿಸಿತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2015ರ ಆಗಸ್ಟ್‌ನಲ್ಲಿ, ತಮ್ಮ 90ನೇ ವಯಸ್ಸಿನಲ್ಲಿ, ಮೆದುಳಿನಲ್ಲಿ ಮೆಲನೋಮದ ನಾಲ್ಕು ಚುಕ್ಕೆಗಳಿವೆ ಎಂದು ತಾವೇ ಪತ್ರಕರ್ತರಿಗೆ ಹೇಳಿದರು. ಅದೇ ಭಾನುವಾರ ಎಂದಿನಂತೆ ಬೈಬಲ್ ಪಾಠ ಮಾಡಲು ಹೋದರು. (ಅವರು ಬ್ಯಾಪ್ಟಿಸ್ಟ್, ಆದರೂ ನಮಗೆ ಪಾಠವೇ.) ಗುರಿಯಿಟ್ಟ ವಿಕಿರಣ, ಜೊತೆಗೆ ಪೆಂಬ್ರೊಲಿಜುಮಾಬ್ ಎಂಬ ಔಷಧಿ. ಡಿಸೆಂಬರ್ ಹೊತ್ತಿಗೆ ಚುಕ್ಕೆಗಳು ಕಾಣಲಿಲ್ಲ. ತೀರಿಕೊಂಡದ್ದು 2024ರಲ್ಲಿ, 100 ವರ್ಷ ತುಂಬಿದ ಮೇಲೆ. ಆ ಔಷಧಿ ಎಲ್ಲರಿಗೂ ಹಿಡಿಯುವುದಿಲ್ಲ, ಬೆಲೆಯೂ ಲಕ್ಷಗಳಲ್ಲಿ. ಆದರೂ ವೈದ್ಯರು ಹೇಳುವ "ಇಷ್ಟು ತಿಂಗಳು" ಎಂಬುದು ತೀರ್ಪಲ್ಲ. ಸಾಮಾನ್ಯವಾಗಿ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕಿರುತ್ತಾರೆ.

ಹಾಗಾದರೆ ದೊಡ್ಡಮ್ಮ ಮಾಡಿದ್ದು ತಪ್ಪೇ? ನನಗೆ ಹಾಗನ್ನಲು ಬಾಯಿ ಬರುವುದಿಲ್ಲ. ಗಂಡನ ಎದೆ ಒಡೆಯಬಾರದೆಂಬ ಪ್ರೀತಿ ಅದು. ರೋಗಿ ಕೇಳದಿದ್ದರೂ ಎಲ್ಲವನ್ನೂ ಮುಖಕ್ಕೆ ಹೇಳುವುದು ಧರ್ಮವೂ ಅಲ್ಲ. ಆದರೆ ದೊಡ್ಡಪ್ಪ ಕೇಳಿದ್ದರು.

ಅಸಾಧಾರಣ ಚಿಕಿತ್ಸೆಯನ್ನು ಪಡೆಯಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಜಗದ್ಗುರು 12ನೇ ಪಯಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2278ನೇ ಪರಿಚ್ಛೇದ ಇನ್ನೂ ಮುಂದೆ ಹೋಗಿ, ಆ ತೀರ್ಮಾನವನ್ನು ಶಕ್ತಿಯಿದ್ದರೆ ರೋಗಿಯೇ ಮಾಡಬೇಕು ಎನ್ನುತ್ತದೆ. ಬರೀ ಊತವೆಂದು ತಿಳಿದವನು ಯಾವುದನ್ನು ತೀರ್ಮಾನಿಸುತ್ತಾನೆ? ಕಾಯಿಲೆ ಮೆದುಳಿನಲ್ಲಿರುವಾಗ ಇನ್ನೊಂದು ತೊಂದರೆ. ನಾವು ಹೇಳಲು ಒಳ್ಳೆಯ ದಿನ ಹುಡುಕುವಷ್ಟರಲ್ಲಿ ಅವರ ಮಾತೇ ತಡವರಿಸಬಹುದು. ಪಾಪನಿವೇದನೆ, ಅಭ್ಯಂಗ ಸಂಸ್ಕಾರ, ಮುನಿಸಿಕೊಂಡ ತಮ್ಮನನ್ನು ಕರೆಸುವುದು, ಎಲ್ಲಕ್ಕೂ ತಿಳಿಯಾದ ತಲೆ ಬೇಕು. ನಾನು ಅವರಿಂದ ಕದ್ದದ್ದು ಆ ದಿನಗಳನ್ನು.

ಎರಡು ವಾರ ಕಳೆದು ಮತ್ತೆ ಹೋದೆ. ದೊಡ್ಡಮ್ಮನ ಹತ್ತಿರ ಮೊದಲು ಮಾತಾಡಿದೆ. ಅವರು ಅತ್ತರು, ತಡೆಯಲಿಲ್ಲ. ಒಳಗೆ ಕೂತ ತಕ್ಷಣ ದೊಡ್ಡಪ್ಪನೇ, "ಅದು ಊತ ಅಲ್ಲ ಅಲ್ವೇನಪ್ಪ?" ಎಂದರು.

"ಅಲ್ಲ ದೊಡ್ಡಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಷ್ಟು ಸಲ ಬೆಂಗಳೂರಿಗೆ ಹೋಗಬೇಕು ಎಂದು ಕೇಳಿದರು. ಒಂದೆರಡು ಸಲದ್ದಾದರೆ ಬರುತ್ತೇನೆ, ಇಡೀ ತಲೆಗಾದರೆ ಬೇಡ ಎಂದರು. "ಫಾದರ್‌ಗೆ ನಾಳೆ ಬರೋಕೆ ಹೇಳು. ನನ್ನ ತಮ್ಮನಿಗೆ ಇವತ್ತೇ ಫೋನ್ ಮಾಡು."